ಹಿಂದಿನವರು ‘ಕಂಡೆ’ ಅನ್ನಬೇಕು

ಫೆಬ್ರವರಿ 4, ಭಾನುವಾರ

ಮೆಟ್ಟಿಲ ಕೆಳಗಿನ ಕೊಕ್ಕೆಯಿಂದ ಸೈಕಲ್ ಇಳಿಸಿದೆ. ಇಪ್ಪತ್ತು ತಿಂಗಳಾಗಿತ್ತು. ಸೀಟಿನ ಮೇಲೆ ಜೇಡ ಸಂಸಾರ ಹೂಡಿತ್ತು. ಅದನ್ನು ಎಬ್ಬಿಸುವಾಗ ಮನೆ ಖಾಲಿ ಮಾಡಿಸುವವಳ ಹಾಗೆ ಸಂಕೋಚವಾಯಿತು.

ಬರೆದಿಡಿ ಎಂದವರು ಫಿಸಿಯೋಥೆರಪಿಯವರು. "ಎಷ್ಟು ದೂರ, ಎಷ್ಟು ನೋವು, ಅಷ್ಟು ಬರೀರಿ ಮೇಡಂ. ಪುರಾಣ ಬೇಡ." ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಮೊದಲು ಅದರಲ್ಲೇ ನಾಲ್ಕು ಸಾಲು ಬರೆದೆ; ರಜೆ ಅರ್ಜಿಯ ಹಾಗೆ ಕಂಡಿತು. ಹರಿದುಹಾಕಿ ಕನ್ನಡದಲ್ಲಿ ಶುರುಮಾಡಿದ್ದೇನೆ. ಕಾಗುಣಿತ ತಪ್ಪಿದರೆ ಕೇಳುವವರು ಯಾರೂ ಇಲ್ಲ. ಪುರಾಣವಾದರೂ ಕೇಳುವವರಿಲ್ಲ.

ಸೈಕಲನ್ನು ತಳ್ಳಿಕೊಂಡು ರಿಪೇರಿ ಅಂಗಡಿಗೆ ಹೋದೆ. ಮೀಟರಿಗೆ ಹೊಸ ಸೆಲ್ ಹಾಕಿಕೊಡಿ ಎಂದೆ. ಅಂಗಡಿಯಾತ ಹಳೆಯ ಪರಿಚಯ. ಚಕ್ರ ಒಮ್ಮೆ ತಿರುಗಿಸಿ ನನ್ನ ಮುಖ ನೋಡಿದ. "ಟಯರ್ ಹಿಮ್ಮಡಿ ಥರ ಬಿರಿದಿದೆ, ಚೈನ್ ತುಕ್ಕು ಹಿಡಿದಿದೆ, ಬ್ರೇಕ್ ಹಿಡೀತಾ ಇಲ್ಲ. ನೀವು ಮೀಟರಿಗೆ ಸೆಲ್ ಕೇಳ್ತೀರಲ್ಲ ಮೇಡಂ!"

ಎಲ್ಲವನ್ನೂ ಮಾಡಿಸಿದೆ. ಹೊಸ ಸೆಲ್ ಹಾಕಿದ ಕೂಡಲೇ ಮೀಟರು ಸೊನ್ನೆಗಳನ್ನು ತೋರಿಸಿತು. ಹನ್ನೊಂದು ಸಾವಿರ ಚಿಲ್ಲರೆ ಕಿಲೋಮೀಟರು ಒಂದು ಚಿಟಿಕೆಯಲ್ಲಿ ಹೋಯಿತು. ನನಗೆ ನೆನಪಿರುವುದು ಕೊನೆಯ ಅಂಕಿ ಮಾತ್ರ: ಬೀಳುವ ಹೊತ್ತಿಗೆ ಸರಾಸರಿ ವೇಗ 29.8. ಇನ್ನು ಎರಡು ಪಾಯಿಂಟ್ ಏರಿದ್ದರೆ ಮೂವತ್ತು. ಅದಕ್ಕೆ ಮುಂಚೆ ಎಂದೂ ಅಷ್ಟು ಹತ್ತಿರ ಹೋಗಿರಲಿಲ್ಲ.

ಬಿದ್ದದ್ದನ್ನು ಒಮ್ಮೆ ಬರೆದು ಮುಗಿಸುತ್ತೇನೆ. ಹದಿನೈದು ವರ್ಷ, ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಅಣ್ಣ ನಮ್ಮ ಕಿಟಕಿಯ ಕೆಳಗೆ ಬಂದು ಎರಡು ಸಲ ಬೆಲ್ ಹೊಡೆಯುತ್ತಿದ್ದ. ಅವನು ಮುಂದೆ, ನಾನು ಅವನ ಹಿಂದಿನ ಚಕ್ರಕ್ಕೆ ಒಂದು ಮೊಳ ಬಿಟ್ಟು. ಅಷ್ಟು ಹತ್ತಿರ ಹೋಗುವಾಗ ಹಿಂದಿನವರಿಗೆ ರಸ್ತೆ ಕಾಣುವುದಿಲ್ಲ, ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ. ಆದ್ದರಿಂದ ಚಿಕ್ಕಂದಿನಲ್ಲೇ ಅಪ್ಪ ನಮ್ಮಿಬ್ಬರಿಗೂ ಕಲಿಸಿದ್ದ ನಿಯಮ: ಗುಂಡಿ ಬಂದರೆ ಮುಂದಿನವರು ಎಡಗೈ ಇಳಿಸಿ ತೋರಿಸಬೇಕು, ಹಿಂದಿನವರು ‘ಕಂಡೆ’ ಅನ್ನಬೇಕು. ಅವತ್ತು ನೀರಿನ ಟ್ಯಾಂಕಿನ ಇಳಿಜಾರಿನಲ್ಲಿ ಅಣ್ಣ ಕೈ ತೋರಿಸಲಿಲ್ಲ. ನನ್ನ ಮುಂದಿನ ಚಕ್ರ ಗುಂಡಿಗೆ ಇಳಿಯಿತು. ಕಾಲರ್ ಬೋನು, ಬಲಗೈ ಮಣಿಕಟ್ಟು, ಎರಡೂ ಮುರಿದವು. ಹೆಗಲಲ್ಲಿ ಒಂದು ಲೋಹದ ಪಟ್ಟಿ, ಒಟ್ಟು ಒಂಬತ್ತು ಸ್ಕ್ರೂ.

ಆಮೇಲೆ ಅಣ್ಣ ಒಂದು ಭಾನುವಾರವೂ ಬೆಲ್ ಹೊಡೆದಿಲ್ಲ. ನನಗೇನೂ ಕೋಪವಿಲ್ಲ.

ಇಂದು: 6.2 ಕಿ.ಮೀ. ಸರಾಸರಿ 14.1. ನೋವು: ಕೈಯಲ್ಲಿ ಇಲ್ಲ. ಬೇರೆ ಕಡೆ.

ಫೆಬ್ರವರಿ 6, ಮಂಗಳವಾರ

ಆ ಬೇರೆ ಕಡೆಯ ನೋವಿನಿಂದ, ಕಟ್ಟುಹಲ್ಲು ಮಾಡುವ ನಮ್ಮ ಲ್ಯಾಬಿನಲ್ಲಿ ಕೂರಲಾಗಲಿಲ್ಲ. ನಿಂತೇ ಎರಡು ಹಲ್ಲಿನ ಸೆಟ್ಟಿಗೆ ಮೇಣ ಕೆತ್ತಿದೆ. ಪಕ್ಕದ ಮೇಜಿನವಳು, "ಏನ್ರೀ, ಮದುವೆ ಹೆಣ್ಣಿನ ಥರ ನಿಂತೇ ಇದ್ದೀರ" ಎಂದಳು.

ಫೆಬ್ರವರಿ 11, ಭಾನುವಾರ

9.4 ಕಿ.ಮೀ. ಸರಾಸರಿ 16.0.

ನನ್ನ ಸೈಕಲ್ ಶೂ ಪೆಡಲಿಗೆ ಕಚ್ಚಿಕೊಳ್ಳುವ ಜಾತಿಯದು. ಹಿಮ್ಮಡಿ ಹೊರಗೆ ತಿರುಗಿಸಿದರೆ ಬಿಡುತ್ತದೆ. ಕಾಲು ಇದನ್ನು ಮರೆತಿದೆ ಎಂಬುದು ಸಿಗ್ನಲ್ಲಿನಲ್ಲಿ ನಿಂತ ಮೇಲೆ ತಿಳಿಯಿತು. ಕಡಿದ ಬಾಳೆಗಿಡದ ಹಾಗೆ ನಿಧಾನವಾಗಿ, ಮರ್ಯಾದೆಯಿಂದ, ಎಡಕ್ಕೆ ಒರಗಿ ಬಿದ್ದೆ. ಬಸ್ ಸ್ಟಾಪಿನಲ್ಲಿದ್ದವರೆಲ್ಲ ನೋಡಿದರು. ಒಬ್ಬ ಅಜ್ಜಿ ಕೈಹಿಡಿದು ಎಬ್ಬಿಸಿ, "ಯಾರಮ್ಮ ತಳ್ಳಿದ್ದು?" ಎಂದು ಕೇಳಿದರು. ಯಾರೂ ಇಲ್ಲ ಎಂದೆ. ನಂಬಲಿಲ್ಲ.

ಮನೆಯಲ್ಲಿ ಮಗಳು ಮೊಣಕೈಗೆ ಔಷಧಿ ಹಚ್ಚುತ್ತಾ, "ಓಡುವಾಗ ಬೀಳೋರನ್ನ ನೋಡಿದ್ದೆ. ನಿಂತಲ್ಲೇ ಬೀಳೋದಕ್ಕೆ ನೀನೇ ಬೇಕು ಕಣಮ್ಮ" ಎಂದಳು. ಇವರು ಪೇಪರಿನ ಹಿಂದಿನಿಂದ ನಕ್ಕರು. ಪೇಪರು ಅಲುಗಿದ್ದರಿಂದ ಗೊತ್ತಾಯಿತು.

ಫೆಬ್ರವರಿ 20, ಮಂಗಳವಾರ

ಇಂದು ಅರ್ಧ ದಿನ ಒಂದೇ ಹಲ್ಲಿನ ಬಣ್ಣಕ್ಕೆ ಹೋಯಿತು. ಬಿಳಿ ಎಂದರೆ ಒಂದೇ ಬಿಳಿಯಲ್ಲ. ನಮ್ಮ ಪಟ್ಟಿಯಲ್ಲೇ ಹದಿನಾರು ಇವೆ. ಎಪ್ಪತ್ತರ ಹಿರಿಯರೊಬ್ಬರು ತೀರ ಬೆಳ್ಳಗಿನದೇ ಬೇಕೆಂದು ಹಟ ಹಿಡಿದಿದ್ದಾರಂತೆ. ಹಲ್ಲಿದ್ದಾಗ ಕಡಲೆ ಇಲ್ಲ ಎನ್ನುತ್ತಾರೆ. ಇವರಿಗೆ ಕಡಲೆಯ ಚಿಂತೆಯಿಲ್ಲ, ಫೋಟೋದ ಚಿಂತೆ. ಮಣಿಕಟ್ಟು ಸಂಜೆ ನಾಲ್ಕರವರೆಗೂ ನಡುಗಲಿಲ್ಲ. ಬಿದ್ದ ಮೇಲೆ ಇದೇ ಮೊದಲು.

ಊಟದ ಹೊತ್ತಿಗೆ ಅಣ್ಣನ ಫೋನು. ಪ್ರತಿ ಮಂಗಳವಾರ ಅದೇ ಹೊತ್ತು, ಅದೇ ಮಾತು.

"ಕೈ ಹೇಗಿದೆಯೇ?"

"ಚೆನ್ನಾಗಿದೆ."

"ಹೆಗಲು?"

"ಅದೂ ಚೆನ್ನಾಗಿದೆ. ನೀನು ಹೇಗಿದೀಯ?"

"ನಂಗೇನು. ಡ್ಯೂಟಿ. ಮೋಡ ಆಗಿದೆ ಅಲ್ವಾ?"

ಮೋಡದ ಬಗ್ಗೆ ಎರಡು ನಿಮಿಷ ಮಾತಾಡಿ ಇಟ್ಟೆವು. ಸೈಕಲ್ ಇಳಿಸಿದ್ದನ್ನು ನಾನು ಹೇಳಲಿಲ್ಲ. ಏಕೆ ಹೇಳಲಿಲ್ಲ? ಹೇಳಿದರೆ ಅವನೂ ಬರುತ್ತೇನೆ ಎನ್ನಬಹುದು ಎಂದೋ, ಎನ್ನದೆ ಇರಬಹುದು ಎಂದೋ?

ಮಾರ್ಚ್ 3, ಭಾನುವಾರ

21 ಕಿ.ಮೀ. ಸರಾಸರಿ 19.6.

ಕಾಲುವೆ ದಾಟಿ ಹಳೆಯ ರಸ್ತೆಗೆ ಮೊದಲ ಸಲ ಹೋದೆ. ಒಂದು ವಿಚಿತ್ರ ಕಂಡುಹಿಡಿದೆ: ಆ ರಸ್ತೆಯಲ್ಲಿ ಗಾಳಿ ಇದೆ. ಸಣ್ಣ ಗಾಳಿಯಲ್ಲ, ಎದೆಗೆ ಕೈಯಿಟ್ಟು ಹಿಂದಕ್ಕೆ ತಳ್ಳುವ ಗಾಳಿ. ಹದಿನೈದು ವರ್ಷ ಅಲ್ಲೇ ಓಡಾಡಿದವಳು ನಾನು. ನನಗೆ ಅದರ ಪರಿಚಯವೇ ಇರಲಿಲ್ಲ. ಇಷ್ಟು ವರ್ಷ ಅದೆಲ್ಲ ಅಣ್ಣನ ಎದೆಗೆ ಬಡಿದು ಪಕ್ಕಕ್ಕೆ ಸರಿಯುತ್ತಿತ್ತು. ನನ್ನ ಪಾಲಿಗೆ ಬರುತ್ತಿದ್ದದ್ದು ಅವನ ನೀಲಿ ಜೆರ್ಸಿಯ ಬೆನ್ನು, ಅದರ ಜೇಬಿನಲ್ಲಿ ನನಗಾಗಿ ಇಟ್ಟ ಬಾಳೆಹಣ್ಣಿನ ಉಬ್ಬು.

ನಾನು ಜೋರಾಗಿ ಹೋಗುತ್ತಿದ್ದೆ ಎಂದುಕೊಂಡಿದ್ದೆ. ಹೋಗುತ್ತಿದ್ದದ್ದು ಯಾರು?

ಕಾಲುವೆ ಸೇತುವೆಯ ಬಳಿ ಒಂದು ಗುಂಡಿ ಬಂತು. ನನ್ನ ಎಡಗೈ ತಾನಾಗಿ ಕೆಳಗಿಳಿದು ತೋರಿಸಿತು. ಹಿಂದೆ ಯಾರೂ ಇರಲಿಲ್ಲ. ಮರದ ಮೇಲಿದ್ದ ಕಾಗೆ ನೋಡಿರಬೇಕು.

ಮಾರ್ಚ್ 6, ಬುಧವಾರ

ಇವತ್ತು ಅತ್ತಿಗೆ ಲ್ಯಾಬಿಗೆ ಬಂದಿದ್ದರು. ಅವರ ದವಡೆ ಹಲ್ಲಿನ ಕ್ಯಾಪ್ ಬಿಟ್ಟುಕೊಂಡಿತ್ತು. ಕ್ಯಾಪನ್ನು ಕಾಗದದಲ್ಲಿ ಸುತ್ತಿ, ಚಿನ್ನದ ಒಡವೆಯ ಹಾಗೆ ಕೈಚೀಲದ ತಳದಿಂದ ತೆಗೆದುಕೊಟ್ಟರು. ನಾನು ಅದನ್ನು ಶುಚಿಮಾಡುತ್ತಾ ಸುಮ್ಮನೆ ಕೇಳಿದೆ: "ಅಣ್ಣಂಗೆ ಈಗ ಯಾವ ರೂಟು? ಹಳೇ ಮಾರ್ಕೆಟ್ಟಿಂದೇನಾ?"

ಅತ್ತಿಗೆ ಸುಮ್ಮನಾದರು. ಅತ್ತಿಗೆ ಸುಮ್ಮನಾಗುವುದೆಂದರೆ ಊರಿನ ಗಡಿಯಾರ ನಿಂತ ಹಾಗೆ.

"ನಿಂಗೆ ಹೇಳ್ಬೇಡ ಅಂದಿದಾರೆ."

"ಏನನ್ನ?"

"ಅವರು ಬಸ್ ಓಡಿಸ್ತಿಲ್ಲ ಕಣೇ. ಹದಿನಾಲ್ಕು ತಿಂಗಳಾಯ್ತು. ತಾವೇ ಅರ್ಜಿ ಕೊಟ್ಟು ಡಿಪೋದಲ್ಲಿ ಟಯರ್ ನೋಡೋ ಕೆಲಸ ಹಾಕಿಸ್ಕೊಂಡ್ರು."

ನನ್ನ ಕೈಯಲ್ಲಿದ್ದ ಕ್ಯಾಪ್ ಮೇಜಿನ ಮೇಲೆ ಬಿತ್ತು. ಅಣ್ಣ ಇಪ್ಪತ್ತಮೂರು ವರ್ಷ ಬಸ್ಸು ಓಡಿಸಿದವನು. ಒಂದು ಗೀರು ಇಲ್ಲ. ತಿರುವಿನಲ್ಲಿ ಅವನ ಬಸ್ಸಿನೊಳಗೆ ನಿಂತವರು ಕಂಬಿ ಹಿಡಿಯುವುದಿಲ್ಲ ಎಂದು ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದ.

"ಯಾಕೆ?"

"ಒಂದು ದಿನ ತಿರುವಲ್ಲಿ ಬಸ್ ನಿಲ್ಲಿಸಿ, ಜನ ಎಲ್ಲಾ ನೋಡ್ತಾ ಇದ್ದಂಗೆ ಕೆಳಗಿಳಿದ್ರಂತೆ, ಇಂಡಿಕೇಟರ್ ಹಾಕಿದೀನೋ ಇಲ್ವೋ ಅಂತ ನೋಡೋಕೆ. ಹಾಕಿದ್ರು. ಆದ್ರೂ ನಂಬಿಕೆ ಬರ್ಲಿಲ್ಲ. ‘ತಂಗಿಗೆ ಒಂದು ಗುಂಡಿ ತೋರ್ಸೋಕಾಗ್ದೋನು ನಾನು’ ಅಂದ್ರು. ಅಷ್ಟೇ. ಮಾರನೇ ದಿನ ಅರ್ಜಿ." ಅತ್ತಿಗೆ ನನ್ನ ಕೈ ಹಿಡಿದರು. "ನಿನ್ನದೇನು ತಪ್ಪು ಬಿಡು. ಬಿದ್ದು ಮುರ್ಕೊಂಡೋಳು ನೀನು."

ಕ್ಯಾಪನ್ನು ಪಕ್ಕದ ಮೇಜಿನವಳು ಶುಚಿಮಾಡಿಕೊಟ್ಟಳು.

ಮಾರ್ಚ್ 7, ಗುರುವಾರ

ಇವತ್ತು ಬರೆಯುವುದಿಲ್ಲ.

ಮಾರ್ಚ್ 17, ಭಾನುವಾರ

24 ಕಿ.ಮೀ. ಸರಾಸರಿ 17.9. ನಿಂತದ್ದು ಹೆಚ್ಚು.

ನೀರಿನ ಟ್ಯಾಂಕಿನ ಏರಿಗೆ ಹೋದೆ. ಹತ್ತುವಾಗ ಕಷ್ಟವಾಗಲಿಲ್ಲ. ಇಳಿಜಾರಿನ ತುದಿಯಲ್ಲಿ ಇಳಿದು, ಸೈಕಲನ್ನು ನಡೆಸಿಕೊಂಡು ಕೆಳಗೆ ಬಂದೆ. ಆ ಗುಂಡಿ ಈಗಿಲ್ಲ. ಮುಚ್ಚಿದ್ದಾರೆ, ಕರಿಯ ತೇಪೆ ಇದೆ, ಕಂಬಳಿಗೆ ಹಾಕಿದ ಹಾಗೆ. ಅದರ ಪಕ್ಕ ಕೂತು ಬಾಳೆಹಣ್ಣು ತಿಂದೆ. ಮನೆಯಿಂದ ನಾನೇ ತಂದದ್ದು.

ಅಲ್ಲಿ ಕೂತು ವಕೀಲರ ಹಾಗೆ ಲೆಕ್ಕ ಹಾಕಿದೆ. ಅಣ್ಣ ಅವತ್ತು ದಾರಿಯುದ್ದಕ್ಕೂ ಹದಿನೈದಿಪ್ಪತ್ತು ಗುಂಡಿ ತೋರಿಸಿದ್ದ. ಒಂದನ್ನು ಬಿಟ್ಟಿರಲಾರನೇ? ಬಿಟ್ಟಿರಬಹುದು. ಮನುಷ್ಯನಲ್ಲವೇ. ನಾನು ಆಸ್ಪತ್ರೆಯಲ್ಲಿ ಹೇಳಿದ್ದು ಇಷ್ಟೇ. ಅತ್ತಿಗೆ "ಹೇಗಾಯ್ತು?" ಎಂದರು, ನಾನು "ಅಣ್ಣ ಕೈ ತೋರಿಸ್ಲಿಲ್ಲ" ಎಂದೆ. ಅಣ್ಣ ನನ್ನ ಎರಡು ಶೂ ಕೈಯಲ್ಲಿ ಹಿಡಿದುಕೊಂಡು ಮಂಚದ ಕಾಲಬಳಿ ನಿಂತಿದ್ದ. ಏನೂ ಅನ್ನಲಿಲ್ಲ. ತೋರಿಸಿದ್ದರೆ ತೋರಿಸಿದೆ ಅನ್ನುತ್ತಿರಲಿಲ್ಲವೇ?

ಯಾರೂ ಕೇಳದ ಪ್ರಶ್ನೆಗೆ ಇಷ್ಟು ಉತ್ತರ ಏಕೆ ಕೊಡುತ್ತಿದ್ದೇನೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಆ ತೇಪೆಯ ಪಕ್ಕ ಕೂತಷ್ಟು ಹೊತ್ತೂ ನನ್ನ ಕೈ ಹೆಗಲ ಮೇಲೇ ಇತ್ತು. ಪಟ್ಟಿ ಇರುವುದು ಅಲ್ಲೇ, ನಿಜ.

ಮಾರ್ಚ್ 19, ಮಂಗಳವಾರ

ಫಿಸಿಯೋಥೆರಪಿಯವರು ಅಂಕಿಗಳನ್ನು ಕೇಳಿದ್ದರು. ಕಳುಹಿಸಲೆಂದು ಈ ಪುಸ್ತಕವನ್ನು ಮೊದಲ ಪುಟದಿಂದ ತೆಗೆದೆ.

‘ಬೀಳುವ ಹೊತ್ತಿಗೆ ಸರಾಸರಿ ವೇಗ 29.8.’

ಬೀಳುವ ಹೊತ್ತಿಗೆ.

ಬಿದ್ದ ಮೇಲೆ ಮೀಟರು ನೋಡಿಲ್ಲ. ಸೈಕಲ್ ಒಂದು ಕಡೆ, ನಾನು ಒಂದು ಕಡೆ. ಅಣ್ಣ ಅದನ್ನು ಯಾರದೋ ವ್ಯಾನಿನಲ್ಲಿ ಹಾಕಿ ನಮ್ಮ ಮೆಟ್ಟಿಲ ಕೆಳಗೆ ಇಟ್ಟ. ಎಷ್ಟೋ ತಿಂಗಳು ನಾನು ಅದರ ಹತ್ತಿರ ಹೋಗಲಿಲ್ಲ. ಹೋಗುವಷ್ಟರಲ್ಲಿ ಸೆಲ್ ಸತ್ತಿತ್ತು. ಹಾಗಾದರೆ 29.8 ನನಗೆ ಹೇಗೆ ಗೊತ್ತು?

ನೋಡುತ್ತಿದ್ದೆ. ಬೇರೆ ಯಾವ ದಾರಿಯೂ ಇಲ್ಲ. ತಲೆ ಬಗ್ಗಿಸಿ, ಮೂವತ್ತಾಗುತ್ತದೋ ಎಂದು ಮೀಟರನ್ನೇ ನೋಡುತ್ತಿದ್ದೆ.

ಈಗ ಉಳಿದದ್ದೂ ಬರುತ್ತಿದೆ. ಬರುತ್ತಿದೆ ಎಂದು ಬರೆದೆ, ಎಲ್ಲೋ ಹೋಗಿತ್ತು ಎಂಬಂತೆ. ಕಣ್ಣಂಚಿನಲ್ಲಿ ನೀಲಿ ತೋಳು ಕೆಳಗಿಳಿದದ್ದು. ನನ್ನ ಬಾಯಿ ‘ಕಂಡೆ’ ಎಂದದ್ದು. ಬಾಯಿ ಅಂದಿತು, ಕಣ್ಣು ಮೀಟರ್ ಬಿಟ್ಟು ಏಳಲಿಲ್ಲ. ಹದಿನೈದು ವರ್ಷದ ಅಭ್ಯಾಸ. ನಿದ್ದೆಯಲ್ಲಿ ಕರೆದರೂ ಹೂಂ ಅನ್ನುವ ಹಾಗೆ.

ಅಣ್ಣ ತೋರಿಸಿದ್ದ. ನಾನು ಕಾಣದೆ ಕಂಡೆ ಅಂದೆ. ಆಮೇಲೆ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ, ಮಂಚದ ಮೇಲೆ ಮಲಗಿಕೊಂಡು ಅವನ ಮುಂದೆಯೇ ತೋರಿಸಲಿಲ್ಲ ಅಂದೆ.

ಊಟದ ಹೊತ್ತಿನಲ್ಲಿ ಫೋನ್ ಬಂತು. ಕೈ ಹೇಗಿದೆ ಎಂದ. ಚೆನ್ನಾಗಿದೆ ಎಂದೆ.

ಮಾರ್ಚ್ 24, ಭಾನುವಾರ

ಮೀಟರ್ ಕಿತ್ತು ಹಲ್ಲಿನ ಸೆಟ್ಟು ಇಡುವ ಡಬ್ಬಿಯಲ್ಲಿ ಹಾಕಿದೆ. ಕಾಲುವೆಯವರೆಗೆ ಹೋಗಿ ಬಂದೆ. ನೀರು ಕಡಿಮೆಯಾಗಿದೆ. ಸೇತುವೆಯ ಕೆಳಗೆ ಯಾರೋ ಕಂಬಳಿ ಒಗೆದು ಬಂಡೆಗೆ ಹರವಿದ್ದರು, ನಾಲ್ಕೂ ಒಂದೊಂದು ಬಣ್ಣ. ಮೊದಲೂ ಹರವುತ್ತಿದ್ದರೋ ಏನೋ.

ಮಗಳು ಹ್ಯಾಂಡಲ್ ನೋಡಿ, "ಮೀಟರ್ ಎಲ್ಲಮ್ಮ? ಅದಿಲ್ದೆ ನಿಂಗೆ ಊಟ ಸೇರತ್ತಾ?" ಎಂದಳು.

ಊಟ ಸೇರುತ್ತಿಲ್ಲ ಎಂಬುದು ನಿಜವೇ. ಅದು ಮೀಟರಿನಿಂದಲ್ಲ.

ಏಪ್ರಿಲ್ 2, ಮಂಗಳವಾರ

ಇವತ್ತು ಹೇಳಲೇಬೇಕೆಂದು ಫೋನನ್ನು ಮೇಜಿನ ಮೇಲೆ ಎದುರಿಗೇ ಇಟ್ಟುಕೊಂಡಿದ್ದೆ. ಬಂತು.

"ಅಣ್ಣಾ, ಒಂದು ಮಾತು."

"ಏನೇ?"

"ಬಿಸಿಲು ಜಾಸ್ತಿ ಆಗಿದೆ, ನೀರು ಕುಡಿ."

"ನೀನೂ ಕುಡಿ" ಎಂದ. ಎಷ್ಟು ಮೆತ್ತಗೆ ಅಂದ.

ಮೇಣದ ಹಲ್ಲು ಒಂದೂ ಸರಿಯಾಗಿ ಕೂರಲಿಲ್ಲ. ಹಲ್ಲಿನ ಸೆಟ್ಟಿನಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಬಾಯಿ ಒಪ್ಪುವುದಿಲ್ಲ, ಮೊದಲ ತುತ್ತಿಗೇ ಗೊತ್ತಾಗುತ್ತದೆ. ನಾನು ಇಪ್ಪತ್ತೆರಡು ತಿಂಗಳಿಂದ ಉಣ್ಣುತ್ತಿದ್ದೇನೆ.

ಏಪ್ರಿಲ್ 7, ಭಾನುವಾರ

ಫೋನಿನಲ್ಲಿ ಆಗದು ಎಂದು ಗೊತ್ತಾಯಿತು. ಬೆಳಿಗ್ಗೆ ಸೈಕಲ್ ಹತ್ತಿ ಡಿಪೋಗೆ ಹೋದೆ. ಊರಿನ ಆ ತುದಿ. ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ, ನಿಂತರೆ ತಿರುಗಿಬಿಡುತ್ತೇನೆಂದು.

ಬಸ್ಸುಗಳು ಸಾಲಾಗಿ ನಿಂತಿದ್ದವು. ಅಣ್ಣ ಕೈಯಲ್ಲಿ ಸುತ್ತಿಗೆ ಹಿಡಿದು ಒಂದೊಂದೇ ಟಯರಿಗೆ ಬಡಿದು ಕೇಳುತ್ತಾ ಬರುತ್ತಿದ್ದ. ಗಾಳಿ ಸರಿಯಿದ್ದರೆ ಟಣ್ ಎನ್ನುತ್ತದೆ, ಇಲ್ಲದಿದ್ದರೆ ಸತ್ತ ಸದ್ದು. ಕೂದಲು ಪೂರಾ ಬೆಳ್ಳಗಾಗಿದೆ. ಇಷ್ಟು ದಿನ ಅವನನ್ನು ಮನೆಯ ದೀಪದ ಬೆಳಕಿನಲ್ಲಿ ಮಾತ್ರ ನೋಡುತ್ತಿದ್ದೆನಲ್ಲ, ಗೊತ್ತಾಗಿರಲಿಲ್ಲ.

"ಏನೇ ಇದು! ಸೈಕಲ್ ಮೇಲೆ ಬಂದ್ಯಾ?"

ಹೆಗಲು ಕೇಳುತ್ತಾನೆ ಅಂದುಕೊಂಡೆ. ಬಗ್ಗಿ ನನ್ನ ಮುಂದಿನ ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. "ಗಾಳಿ ಜಾಸ್ತಿ ಹೊಡ್ಸಿದೀಯ. ಯಾವಾಗಿಂದ ಓಡಿಸ್ತಿದೀಯ?"

"ಎರಡು ತಿಂಗಳಿಂದ. ಅಣ್ಣಾ, ಅವತ್ತು ನೀನು ಕೈ ತೋರಿಸಿದ್ದೆ."

ಅವನು ಎದ್ದು ಮುಂದಿನ ಬಸ್ಸಿಗೆ ಹೋದ. ಟಣ್.

"ಬಿಡೇ. ಹಳೇ ಕಥೆ."

"ಬಿಡಲ್ಲ. ನೀನು ತೋರಿಸ್ದೆ. ನಾನು ಕಂಡೆ ಅಂದೆ. ನೋಡ್ದೇ ಅಂದೆ. ಮೀಟರ್ ನೋಡ್ತಿದ್ದೆ ನಾನು, ಮೂವತ್ತಾಗತ್ತಾ ಅಂತ."

"ಆ ‘ಕಂಡೆ’ ಹಿಂದಿನ ಗುಂಡೀದು."

ಅಂದರೆ ಅವನಿಗೆ ನನ್ನ ಧ್ವನಿ ನೆನಪಿತ್ತು. ಇಷ್ಟು ದಿನ ಅದನ್ನು ಹಿಂದಿನ ಗುಂಡಿಯ ಪಾಲಿಗೆ ಹಾಕಿ ಇಟ್ಟುಕೊಂಡಿದ್ದ.

"ಅಲ್ಲ. ಅದೇ ಗುಂಡೀದು."

"ನಿಂಗೆ ಹೇಗೆ ಗೊತ್ತು?"

"‘ಕಂಡೆ’ ಅಂದು ಬಾಯಿ ಮುಚ್ಚೋದ್ರೊಳಗೆ ಬಿದ್ದೆ."

ಸುತ್ತಿಗೆ ನಿಂತಿತು. ಅಣ್ಣ ತನ್ನ ಎಡಗೈಯನ್ನು ಮುಂದಕ್ಕೆ ಹಿಡಿದು ನೋಡಿದ. ಗ್ರೀಸ್ ಹಿಡಿದ ಕೈಗವಸು. ಯಾರದೋ ಕೈ ಎಂಬಂತೆ ಆಚೆ ಈಚೆ ತಿರುಗಿಸಿದ.

"ಕೈ ಇಳಿಸಿದ್ದು ನಂಗೆ ನೆನಪಿತ್ತು ಕಣೇ" ಎಂದ. "ಆಸ್ಪತ್ರೇಲಿ ನೀನು ಇಲ್ಲ ಅಂದೆ. ನನ್ನ ತಂಗಿ ಯಾಕೆ ಸುಳ್ಳು ಹೇಳ್ತಾಳೆ? ಹಾಗಾದ್ರೆ ನನ್ನ ನೆನಪೇ ಸುಳ್ಳು ಅಂದ್ಕೊಂಡೆ. ಮಾಡ್ದೇ ಇರೋದನ್ನ ಮಾಡ್ದೆ ಅಂದ್ಕೊಳ್ಳೋನು, ಬೆನ್ನ ಹಿಂದೆ ಅರವತ್ತು ಜನನ್ನ ಕೂರಿಸ್ಕೊಂಡು ಹೇಗೆ ಹೋಗೋದು?"

ನಾನು ಏನೋ ಹೇಳಲು ಬಾಯಿ ತೆರೆದೆ. ಕ್ಷಮಿಸು ಎಂಬ ಮಾತು ನಮ್ಮಿಬ್ಬರ ನಡುವೆ ಎಂದೂ ಬಳಕೆಯಾಗಿಲ್ಲ. ಹೊಸ ಶೂವಿನ ಹಾಗೆ ಕಚ್ಚಿತು.

"ಹೋಗೇ ಈಗ" ಎಂದ. "ಕೈಯಲ್ಲಿ ಸುತ್ತಿಗೆ ಇದೆ. ಇನ್ನೂ ಹನ್ನೊಂದು ಬಸ್ ಇದಾವೆ."

ತಮಾಷೆಯಾಗಿ ಅನ್ನಲಿಲ್ಲ. ನನ್ನ ನಲವತ್ನಾಲ್ಕು ವರ್ಷದಲ್ಲಿ ಅಣ್ಣನಿಗೆ ನನ್ನ ಮೇಲೆ ಕೋಪ ಬಂದದ್ದನ್ನು ನೋಡಿದ್ದು ಇದೇ ಮೊದಲು. ಅವನ ಕತ್ತು ಕೆಂಪಗಾಗಿತ್ತು, ಥೇಟು ಅಪ್ಪ.

ಗೇಟಿನ ಹತ್ತಿರ ಹೋದ ಮೇಲೆ ಹಿಂದಿನಿಂದ ಕೂಗಿದ: "ಮುಂದಿನ ಟಯರ್ ಗಾಳಿ ಸ್ವಲ್ಪ ಬಿಡು!"

ಬಿಟ್ಟೆ. ಬರುವ ದಾರಿಯೆಲ್ಲ ಎದುರುಗಾಳಿ. ಕಣ್ಣಲ್ಲಿ ನೀರು ಬಂದರೆ ಗಾಳಿಯ ಮೇಲೆ ಹಾಕಬಹುದಿತ್ತು. ಹಾಕಲಿಲ್ಲ.

ಏಪ್ರಿಲ್ 9, ಮಂಗಳವಾರ

ಫೋನ್ ಬರಲಿಲ್ಲ.

ಏಪ್ರಿಲ್ 14, ಭಾನುವಾರ

ಅತ್ತಿಗೆಯ ಹತ್ತಿರ ಹೋದೆ. ಮೊದಲು ಕೇಳಿದವರು ಅವರು, ಆದ್ದರಿಂದ ಅವರಿಗೂ ಹೇಳಬೇಕಿತ್ತು. ಅಣ್ಣ ಡಿಪೋದಲ್ಲಿದ್ದ. ಅತ್ತಿಗೆ ಬಟ್ಟೆ ಮಡಿಸುತ್ತಾ ಪೂರ್ತಿ ಕೇಳಿದರು. ನನ್ನ ಕೈಗೆ ಒಂದು ಬೆಡ್‌ಶೀಟಿನ ಎರಡು ತುದಿ ಕೊಟ್ಟರು. ಹಿಡಿದೆ. ಎಳೆದರು, ಎಳೆದೆ. ಹೀಗೆ ಎಳೆದಾಡುತ್ತಾ ನಾಲ್ಕು ಬೆಡ್‌ಶೀಟ್ ಮಡಿಸಿದೆವು.

"ಒಂದು ವರ್ಷ ನನ್ನ ಗಂಡನ ಬೆನ್ನ ಹಿಂದೆ, ‘ಪಾಪ, ಗಮನ ಹೋಗಿತ್ತು’ ಅಂತ ನಾನೂ ಅಂದಿದೀನಿ" ಎಂದರು ಕೊನೆಗೆ. "ನಿನ್ನ ಮಾತು ಕೇಳಿ. ನಿಂಗೆ ಬೈಯ್ಯೋದಾ, ನಂಗೆ ನಾನೇ ಬೈಕೊಳ್ಳೋದಾ?"

"ಮೊದಲು ನಂಗೆ ಬೈಯಿರಿ."

"ಬೈಯ್ತೀನಿ. ಕಾಫಿ ಕುಡಿ ಮೊದಲು. ಖಾಲಿ ಹೊಟ್ಟೇಲಿ ಬೈಸ್ಕೋಬಾರ್ದು."

ಬೈದರು. ಚೆನ್ನಾಗಿಯೇ ಬೈದರು. ಅಣ್ಣ ಏನಂದ ಎಂದು ನಾನು ಕೇಳಲಿಲ್ಲ. "ಮಾತಾಡ್ತಿಲ್ಲ" ಎಂದು ಅವರೇ ಹೇಳಿದರು. "ಆದ್ರೆ ನಿನ್ನೆ ಹಿತ್ತಿಲಲ್ಲಿ ನಿಂತು ಎಡಗೈ ಹಿಂಗೆ ಇಳಿಸೋದು, ಎತ್ತೋದು ಮಾಡ್ತಿದ್ರು. ಪಕ್ಕದ ಮನೆಯೋರು ಏನಾದ್ರೂ ಅಂದ್ಕೊಂಡಾರು ಅಂತ ಒಳಗೆ ಕರೆದೆ."

ಏಪ್ರಿಲ್ 16, ಮಂಗಳವಾರ

ಫೋನ್ ಇಲ್ಲ. ಆ ಹಿರಿಯರ ಬಿಳಿ ಹಲ್ಲು ಕಳಿಸಿದೆವು.

ಏಪ್ರಿಲ್ 28, ಭಾನುವಾರ

ಬೆಳಿಗ್ಗೆ ಆರಕ್ಕೆ ಕಿಟಕಿಯ ಕೆಳಗೆ ಬೆಲ್. ಎರಡು ಸಲ.

ನಾನು ಹಲ್ಲುಜ್ಜುತ್ತಿದ್ದೆ. ನೊರೆಯ ಬಾಯಲ್ಲೇ ಕಿಟಕಿಗೆ ಓಡಿದೆ. ನೀಲಿ ಜೆರ್ಸಿ. ಹೊಟ್ಟೆಯ ಹತ್ತಿರ ಬಿಗಿಯಾಗಿದೆ. ಮೇಲೆ ನೋಡದೆ, ಒಂದು ಕಾಲು ನೆಲಕ್ಕೂರಿ, ರಸ್ತೆಯನ್ನೇ ನೋಡುತ್ತಾ ನಿಂತಿದ್ದ. ಮಗಳು ಹಾಸಿಗೆಯಿಂದಲೇ, "ಮಾಮ ಬಂದ್ರಾ?" ಎಂದಳು, ಪ್ರತಿ ಭಾನುವಾರ ಬರುತ್ತಿದ್ದವನು ಇವತ್ತೂ ಬಂದ ಹಾಗೆ.

ಕೆಳಗೆ ಹೋದೆ. ನಾನು ಸೈಕಲ್ ಹೊರಗೆ ತಂದು ಅವನ ಹಿಂದೆ ನಿಲ್ಲಿಸಿದೆ, ಅಭ್ಯಾಸದಂತೆ.

"ನೀನು ಮುಂದೆ ಹೋಗು" ಎಂದ.

ಹೋದೆ. ಕಾಲುವೆ, ಹಳೆಯ ರಸ್ತೆ, ಗಾಳಿ. ನನ್ನ ಬೆನ್ನ ಹಿಂದೆ ಅವನ ಚೈನಿನ ಸದ್ದು, ಆಮೇಲೆ ಅವನ ಏದುಸಿರು. ನಾನು ನಿಧಾನ ಮಾಡಿದೆ. ನಿಧಾನ ಮಾಡಿದ್ದು ಗೊತ್ತಾಗದ ಹಾಗೆ ಮಾಡಬೇಕಿತ್ತು, ಅದು ಕಷ್ಟ. ಅವನು ಹದಿನೈದು ವರ್ಷ ಇದನ್ನೇ ಮಾಡಿದ್ದನೇ?

ಮೊದಲ ಗುಂಡಿಗೆ ಎಡಗೈ ಇಳಿಸಿ ತೋರಿಸಿದೆ. ಹಿಂದಿನಿಂದ ಏನೂ ಬರಲಿಲ್ಲ. ಎರಡನೆಯದಕ್ಕೂ ಇಲ್ಲ. ಹೋಗುವಾಗ, ಬರುವಾಗ, ಎಲ್ಲವನ್ನೂ ತೋರಿಸಿದೆ. ಒಂದಕ್ಕೂ ಅವನು ‘ಕಂಡೆ’ ಅನ್ನಲಿಲ್ಲ. ಪ್ರತಿ ಸಲ ಅವನ ಚಕ್ರ ಗುಂಡಿಯನ್ನು ಬಳಸಿಕೊಂಡು ಬರುವ ಸದ್ದಿಗೆ ಕಾದೆ. ಬಳಸಿಕೊಂಡೇ ಬಂದ.

ಟ್ಯಾಂಕಿನ ಇಳಿಜಾರಿಗೆ ಹೋಗಲಿಲ್ಲ. ಇಬ್ಬರೂ ಅದರ ಮಾತೆತ್ತಲಿಲ್ಲ.

ಮನೆಯ ಮುಂದೆ ನಿಂತಾಗ ಜೇಬಿನಿಂದ ಬಾಳೆಹಣ್ಣು ತೆಗೆದ. ಜಜ್ಜಿಹೋಗಿತ್ತು. ಅರ್ಧ ಮಾಡಿ ಕೊಟ್ಟ.

"ಗಾಳಿ ಇರತ್ತೆ ಆ ರಸ್ತೇಲಿ" ಎಂದೆ.

"ಮೊದಲಿಂದ್ಲೂ ಇತ್ತು."

ತಿಂದೆವು. ಸಿಪ್ಪೆಯನ್ನು ಎಲ್ಲಿ ಹಾಕುವುದೆಂದು ಇಬ್ಬರೂ ಸುತ್ತ ನೋಡಿದೆವು.

"ಇನ್ನೊಂದು" ಎಂದ ಹೊರಡುವಾಗ. "ಎಲ್ಲದಕ್ಕೂ ಕೈ ತೋರಿಸ್ಬೇಡ. ಒಣಗಿದ ಎಲೆ ಬಿದ್ದಿದ್ರೂ ತೋರಿಸ್ತೀಯಲ್ಲ, ಮದುವೇಲಿ ಊಟಕ್ಕೆ ಕರೆದಂಗೆ."

ನಾನು ನಕ್ಕೆ. ಅವನು ನಗಲಿಲ್ಲ, ಆದರೆ ಹೊರಡುವುದನ್ನು ಸ್ವಲ್ಪ ತಡಮಾಡಿದ.

ಏಪ್ರಿಲ್ 30, ಮಂಗಳವಾರ

"ಕೈ ಹೇಗಿದೆಯೇ?"

"ನಿಂದು?"

"ನೋಡ್ತಾ ಇದೀನಿ" ಎಂದ.

ಮೇ 19, ಭಾನುವಾರ

ನಾಲ್ಕನೆಯ ಭಾನುವಾರ. ಕಾಲುವೆಗೆ ಹೊಸ ನೀರು ಬಿಟ್ಟಿದ್ದಾರೆ, ಕೆಂಪಗಿದೆ. ನಾನು ಮುಂದೆ. ಅಣ್ಣ ಹಿಂದಿನಿಂದ ಅತ್ತಿಗೆಯ ಮೇಲೆ ದೂರು ಹೇಳುತ್ತಾ ಬಂದ. ಏರಿನಲ್ಲಿ ದೂರು ನಿಂತಿತು, ಇಳಿಜಾರಿನಲ್ಲಿ ಬಿಟ್ಟಲ್ಲಿಂದ ಶುರುವಾಯಿತು. ಗುಂಡಿಗಳಿಗೆ ಇನ್ನೂ ಏನೂ ಅನ್ನುವುದಿಲ್ಲ. ಅನ್ನು ಎಂದು ನಾನೂ ಕೇಳುವುದಿಲ್ಲ. ಆ ಮಾತನ್ನು ಹಾಳುಮಾಡಿದವಳು ನಾನು.

ಜೂನ್ 6, ಗುರುವಾರ

ಬೆಳಿಗ್ಗೆ ಮೋಡವಾಗಿತ್ತು. ಲ್ಯಾಬಿಗೆ ಸೈಕಲ್ಲಿನಲ್ಲೇ ಹೊರಟೆ. ಹಳೆಯ ಮಾರ್ಕೆಟ್ಟಿನ ಹತ್ತಿರ ರಸ್ತೆ ಕಿರಿದು. ಹಿಂದೆ ಒಂದು ಬಸ್ಸು ಬಂತು. ಅಲ್ಲಿ ಬಸ್ಸುಗಳು ಹಾರ್ನ್ ಹೊಡೆದು ನಮ್ಮನ್ನು ಚರಂಡಿಗೆ ಒತ್ತುತ್ತವೆ. ಇದು ಹೊಡೆಯಲಿಲ್ಲ. ಎರಡು ಆಳಿನ ದೂರ ಬಿಟ್ಟು, ನನ್ನ ವೇಗಕ್ಕೆ ಬಗ್ಗಿ, ಆನೆಯ ಹಾಗೆ ಮೆಲ್ಲಗೆ ಹಿಂದೆಯೇ ಬಂತು. ಯಾರೋ ತಾಳ್ಮೆಯವರು ಎಂದುಕೊಂಡೆ. ತಿರುಗಿ ನೋಡಲು ಧೈರ್ಯವಾಗಲಿಲ್ಲ. ಮ್ಯಾನ್‌ಹೋಲಿನ ಮುಚ್ಚಳ ಒಂದು ಕಡೆ ಕುಸಿದಿತ್ತು. ಅದನ್ನು ಬಳಸುವಾಗ ಎಡಗೈ ಇಳಿಸಿ ತೋರಿಸಿದೆ. ಬಸ್ಸಿಗೆ! ಆಮೇಲೆ ನಾಚಿಕೆಯಾಯಿತು.

ಸಿಗ್ನಲ್ ಕೆಂಪು. ಬಲಕ್ಕೆ ತಿರುಗಲೆಂದು ರಸ್ತೆಯ ನಡುವಿಗೆ ಸರಿದು, ಹಿಮ್ಮಡಿ ತಿರುಗಿಸಿ ಕಾಲು ಕೆಳಗಿಟ್ಟೆ. ಬಸ್ಸು ನನ್ನ ಎಡಪಕ್ಕಕ್ಕೆ ಬಂದು ನಿಂತಿತು. ಒಳಗೆ ತುಂಬ ಜನ. ನಿಂತವರಲ್ಲಿ ಕಂಬಿ ಹಿಡಿದವರು ಕಡಿಮೆ. ಡ್ರೈವರಿನ ಕಿಟಕಿಯ ಗಾಜು ಸರಿಯಿತು. ಇಸ್ತ್ರಿಯ ಅಂಗಿ, ಬೆಳ್ಳಗಿನ ಕೂದಲು. ಎರಡೂ ಕೈ ಸ್ಟಿಯರಿಂಗಿನ ಮೇಲೆ.

ನನ್ನನ್ನು ನೋಡಲಿಲ್ಲ. ಎದುರಿನ ದೀಪವನ್ನೇ ನೋಡುತ್ತಾ ಅಂದ.

"ಕಂಡೆ."

ಹಿಂದಿನ ಸೀಟಿನ ಹೆಂಗಸು ಕತ್ತು ಚಾಚಿ, ಏನು ಕಂಡಿತು ಎಂದು ರಸ್ತೆಯನ್ನೆಲ್ಲ ಹುಡುಕಿದಳು.

ದೀಪ ಹಸಿರಾಯಿತು. ಬಸ್ಸು ಕದಲಲಿಲ್ಲ. ಅವನು ಗದ್ದದಿಂದ ರಸ್ತೆ ತೋರಿಸಿದ.

"ನಡಿಯೇ, ಜನಕ್ಕೆ ಲೇಟಾಗತ್ತೆ. ನೀನು ಮುಂದೆ ಹೋಗು."

ಹೋದೆ.